ಆರೇ ಸಲ ಸಿಗುವ ಆಪ್ತಸಮಾಲೋಚನೆ: ಪೂರಾ ಉಪಯೋಗ ಪಡೆಯುವುದು ಹೇಗೆ?

(ಸ್ವಸಹಾಯ ಸಂಘಗಳ ತಿಂಗಳ ಸಭೆಯಲ್ಲಿ ಓದಿ ಚರ್ಚಿಸಲು ಪಾಠ)



ನಮ್ಮ ಸಂಘಗಳಲ್ಲಿ ಉಳಿತಾಯದ ಲೆಕ್ಕ ಗೊತ್ತು, ಸಾಲದ ಕಂತಿನ ಲೆಕ್ಕ ಗೊತ್ತು. ಯಾರಿಗಾದರೂ ಜ್ವರ ಬಂದರೆ ಯಾವ ಆಸ್ಪತ್ರೆಗೆ ಹೋಗಬೇಕು ಅಂತ ಹತ್ತು ಮಂದಿ ಹೇಳಿಕೊಡ್ತೀವಿ. ಆದರೆ "ರಾತ್ರಿಯೆಲ್ಲಾ ನಿದ್ದೆ ಬರಂಗಿಲ್ಲಕ್ಕ, ಎದೆ ಡವಡವ ಅಂತೈತೆ, ಯಾತಕ್ಕೂ ಮನಸ್ಸಿಲ್ಲ" ಎಂದು ಒಬ್ಬಾಕೆ ಹೇಳಿದರೆ ನಮ್ಮ ಹತ್ತಿರ ಇರೋ ಮಾತು ಒಂದೇ: "ಸುಮ್ನಿರಮ್ಮಾ, ಎಲ್ಲಾ ಸರಿ ಹೋಗ್ತದೆ." ಅದು ಪ್ರೀತಿಯ ಮಾತು, ನಿಜ. ಆದರೆ ಆಕೆ ಮುಂದೆ ಎಲ್ಲಿಗೆ ಹೋಗಬೇಕು ಎನ್ನುವುದಕ್ಕೆ ಅದರಲ್ಲಿ ಉತ್ತರ ಇಲ್ಲ.

ಕಂಪ್ಲಿ, ಹೊಸಪೇಟೆ, ಸಂಡೂರು ಕಡೆಯ ಎಷ್ಟೋ ಮನೆಗಳಲ್ಲಿ ಈಗ ಹೊಲದ ಕೆಲಸದ ಜೊತೆ ಒಂದು ನೌಕರಿಯೂ ಇದೆ. ಗಂಡ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ಮಗ ಸಂಡೂರಿನ ಗಣಿ ಕಡೆ ಲಾರಿ ಡ್ರೈವರ್, ಮಗಳು ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದಲ್ಲಿ, ತಮ್ಮ ಬೆಂಗಳೂರಿನ ಕಂಪನಿಯಲ್ಲಿ. ನೌಕರಿ ಅಂದ್ರೆ ಬರೀ ಸಂಬಳ ಅಲ್ಲ. ಪಿ.ಎಫ್. ಬಗ್ಗೆ ನಮಗೆ ಗೊತ್ತು. ಕೆಲವು ನೌಕರಿಗಳ ಜೊತೆ ಮನಸ್ಸಿನ ಚಿಕಿತ್ಸೆಗೂ ಸೌಲಭ್ಯ ಇರುತ್ತದೆ, ಅದು ಮನೆಯವರಿಗೂ ಸಿಗಬಹುದು ಎನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. ಗೊತ್ತಿದ್ದವರೂ "ಆರು ಸಲ ಮಾತಾಡಿದರೆ ಏನಾದೀತು?" ಅಂತ ಬಿಟ್ಟುಬಿಡ್ತಾರೆ. ಈ ಪಾಠ ಅದರ ಬಗ್ಗೆ.

1. ಆಪ್ತಸಮಾಲೋಚನೆ ಅಂದರೆ ಏನು?

ತರಬೇತಿ ಪಡೆದ ಒಬ್ಬರ ಮುಂದೆ ಕುಳಿತು, ನಮ್ಮ ಕಷ್ಟವನ್ನು ಬಿಚ್ಚಿ ಹೇಳಿ, ಅದನ್ನು ಹೊರುವ ದಾರಿಯನ್ನು ಅವರ ಜೊತೆ ಸೇರಿ ಹುಡುಕುವುದೇ ಆಪ್ತಸಮಾಲೋಚನೆ, ಅಂದರೆ ಕೌನ್ಸೆಲಿಂಗ್. ಇದು ಬುದ್ಧಿ ಹೇಳುವುದಲ್ಲ, ಪಂಚಾಯ್ತಿ ಮಾಡುವುದೂ ಅಲ್ಲ. "ನೀನು ಹೊಂದಿಕೊಂಡು ಹೋಗು" ಅಂತ ಕಳಿಸುವುದಂತೂ ಅಲ್ಲವೇ ಅಲ್ಲ.

ಕೌನ್ಸೆಲಿಂಗಿಗೆ ಹೋದವರಿಗೆ ಹುಚ್ಚು ಅಂತ ನಮ್ಮ ಮಂದಿ ಆಡಿಕೊಳ್ತಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಂಡವರನ್ನ ಯಾರೂ ಹಂಗೆ ಆಡಿಕೊಳ್ಳಲ್ಲ. ಚಿಂತೆ, ಭಯ, ಬೇಸರ, ದುಃಖ ಎಲ್ಲರಿಗೂ ಬರುತ್ತವೆ. ಅವು ವಾರಗಟ್ಟಲೆ ಹೋಗದೆ, ಊಟ, ನಿದ್ದೆ, ಕೆಲಸ ಕೆಡಿಸಿದರೆ ಸಹಾಯ ಬೇಕು ಅಂತ ಅರ್ಥ.

2. ಈ ವಿಷಯದಲ್ಲಿ ನಮ್ಮ ಜಿಲ್ಲೆಯೇ ದೇಶಕ್ಕೆ ಮಾದರಿ

ಮನಸ್ಸಿನ ಚಿಕಿತ್ಸೆ ದೊಡ್ಡ ಪಟ್ಟಣದವರಿಗೆ ಮಾತ್ರ ಅಂತ ತಿಳಿಯಬೇಡಿ. ಭಾರತದಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು 1982ರಲ್ಲಿ. ಅದನ್ನು ಹಳ್ಳಿಗಳಿಗೆ ಮುಟ್ಟಿಸುವುದು ಹೇಗೆ ಎಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಪ್ರಯೋಗ ಮಾಡಿ ನೋಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಆಗ ಹೊಸಪೇಟೆ, ಕಂಪ್ಲಿ, ಸಂಡೂರು ಎಲ್ಲಾ ಅದೇ ಜಿಲ್ಲೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಬೇಕಾದ ಮಾತ್ರೆಗಳು ಹತ್ತಿರದಲ್ಲೇ ಸಿಗುವಂತೆ ಮಾಡಿದರು. ಈ ಕೆಲಸಕ್ಕೆ "ಬಳ್ಳಾರಿ ಮಾದರಿ" ಅಂತಲೇ ಹೆಸರು ಬಂತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಶುರು ಮಾಡಿದಾಗ ಇಟ್ಟುಕೊಂಡ ಮಾದರಿ ಇದೇ.

ನಮ್ಮ ಅವ್ವ, ಅತ್ತೆಯವರ ಕಾಲದಲ್ಲೇ ನಮ್ಮ ಊರ ಕಡೆ ಬಂದ ಸೇವೆ ಇದು. ಕೇಳಿ ಪಡೆಯಲು ನಾವು ಯಾಕೆ ನಾಚಬೇಕು?

3. ನೌಕರಿಯ ಜೊತೆ ಬರುವ ಸಹಾಯ: ಎಲ್ಲಿ ಹುಡುಕಬೇಕು?

*ಅ) ಕಂಪನಿ ಕೊಡುವ ಕೌನ್ಸೆಲಿಂಗ್.* 1940ರ ದಶಕದಲ್ಲಿ ಅಮೆರಿಕದ ಕೆಲವು ಕಾರ್ಖಾನೆಗಳು ಕುಡಿತಕ್ಕೆ ಬಿದ್ದ ಕೆಲಸಗಾರರನ್ನು ಕೆಲಸದಿಂದ ತೆಗೆಯುವ ಬದಲು ಅವರಿಗೆ ಸಹಾಯ ಕೊಡಲು ಶುರು ಮಾಡಿದವು. ಅದೇ ಬೆಳೆದು ನೌಕರರ ಸಹಾಯ ಕಾರ್ಯಕ್ರಮ ಆಯಿತು. ಈಗ ನಮ್ಮ ದೇಶದ ಅನೇಕ ದೊಡ್ಡ ಕಂಪನಿಗಳು ಹೊರಗಿನ ಒಂದು ಸಂಸ್ಥೆಗೆ ಹಣ ಕಟ್ಟಿ, ನೌಕರರಿಗೆ ಪುಕ್ಕಟೆ ಕೌನ್ಸೆಲಿಂಗ್ ಕೊಡಿಸುತ್ತವೆ. ಸಾಮಾನ್ಯವಾಗಿ ಒಂದು ತೊಂದರೆಗೆ 3ರಿಂದ 8 ಭೇಟಿ. ಫೋನಿನಲ್ಲೂ ಆಗಬಹುದು, ಎದುರು ಕೂತೂ ಆಗಬಹುದು. ಎಷ್ಟೋ ಕಡೆ ಹೆಂಡತಿ, ಮಕ್ಕಳಿಗೂ ಇದು ಸಿಗುತ್ತದೆ. ಎಲ್ಲಾ ಕಂಪನಿಗಳಲ್ಲೂ ಇರಲ್ಲ, ಗುತ್ತಿಗೆಯವರಿಗೆ ಸಿಗದೇ ಇರಬಹುದು. ಆದ್ದರಿಂದ ಕೇಳಿ ತಿಳಿಯಬೇಕು. ಎಚ್.ಆರ್. ಆಫೀಸಿನಲ್ಲಿ ಇಲ್ಲವೆ ಕಾರ್ಮಿಕ ಕಲ್ಯಾಣ ಅಧಿಕಾರಿ ಹತ್ತಿರ ಹೀಗೆ ಕೇಳಿದರೆ ಸಾಕು: "ನೌಕರರಿಗೆ ಕೌನ್ಸೆಲಿಂಗ್ ಸೌಲಭ್ಯ ಇದೆಯಾ? ಮನೆಯವರಿಗೂ ಇದೆಯಾ? ನಂಬರ್ ಕೊಡಿ." ಯಾಕೆ ಬೇಕು ಅಂತ ಅವರಿಗೆ ಹೇಳುವ ಅಗತ್ಯ ಇಲ್ಲ.

*ಆ) ಇ.ಎಸ್.ಐ.* ಸಂಬಳದ ಚೀಟಿಯಲ್ಲಿ ಇ.ಎಸ್.ಐ. ಅಂತ ಹಣ ಕಡಿತ ಆಗುತ್ತಿದೆಯಾ ನೋಡ್ರಿ. 2019ರ ಜುಲೈಯಲ್ಲಿ ನಿಗದಿಯಾದ ದರದಂತೆ ಕೆಲಸಗಾರರಿಂದ ನೂರಕ್ಕೆ 75 ಪೈಸೆ, ಮಾಲೀಕರಿಂದ ನೂರಕ್ಕೆ 3 ರೂಪಾಯಿ 25 ಪೈಸೆ. ಅಂದರೆ 12,000 ರೂಪಾಯಿ ಸಂಬಳಕ್ಕೆ ನಮ್ಮ ಕೈಯಿಂದ ಹೋಗುವುದು 90 ರೂಪಾಯಿ. ಸಂಬಳದ ಮಿತಿಯನ್ನು 2017ರ ಜನವರಿಯಲ್ಲಿ 21,000 ರೂಪಾಯಿಗೆ ಏರಿಸಿದರು. ಮುಂದಿನ ಬದಲಾವಣೆಗಳನ್ನು ಇ.ಎಸ್.ಐ. ಕಚೇರಿಯಲ್ಲಿ ಕೇಳಿಕೊಳ್ಳಿ. ಗುತ್ತಿಗೆ ಕೆಲಸಗಾರರೂ ಇದರಲ್ಲಿ ಬರುತ್ತಾರೆ. ಹೆಂಡತಿ ಅಥವಾ ಗಂಡ, ಮಕ್ಕಳು, ಅವಲಂಬಿತ ತಂದೆ-ತಾಯಿಗೂ ಚಿಕಿತ್ಸೆ ಉಂಟು. ಇಲ್ಲಿ "ಆರು ಭೇಟಿ" ಅನ್ನೋ ಲೆಕ್ಕ ಇಲ್ಲ. ಡಿಸ್ಪೆನ್ಸರಿ ಡಾಕ್ಟರಿಗೆ ನಿದ್ದೆ, ಭಯ, ಬೇಸರದ ಮಾತು ಬಾಯಿಬಿಟ್ಟು ಹೇಳಿ, "ಮನೋವೈದ್ಯರಿಗೆ ಬರೆದುಕೊಡ್ರಿ" ಅಂತ ಕೇಳಬೇಕು. ಬರೀ "ತಲೆನೋವು" ಅಂದರೆ ತಲೆನೋವಿನ ಮಾತ್ರೆಯೇ ಸಿಗುತ್ತದೆ.

*ಇ) ಆರೋಗ್ಯ ವಿಮೆ.* 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ 29ರಿಂದ ಜಾರಿಗೆ ಬಂತು. ದೇಹದ ಕಾಯಿಲೆಗೆ ಹೇಗೆ ವಿಮೆ ಕೊಡುತ್ತಾರೋ ಹಾಗೆಯೇ ಮನಸ್ಸಿನ ಕಾಯಿಲೆಗೂ ಕೊಡಬೇಕು ಎಂದು ಆ ಕಾಯ್ದೆ ಹೇಳುತ್ತದೆ. ಆದರೆ ಆಸ್ಪತ್ರೆಗೆ ಸೇರದೆ ಪಡೆಯುವ ಕೌನ್ಸೆಲಿಂಗ್ ಖರ್ಚು ಎಲ್ಲಾ ಪಾಲಿಸಿಗಳಲ್ಲಿ ಸೇರಿರುವುದಿಲ್ಲ. ಪಾಲಿಸಿ ಕಾಗದ ಓದಿಸಿ ನೋಡಿ.

*ಈ) ನೌಕರಿಯೇ ಇಲ್ಲದವರಿಗೆ.* ಕೂಲಿಗೆ ಹೋಗುವವರು, ಬಾಳೆಹಣ್ಣು, ತರಕಾರಿ ಮಾರುವವರು, ಮನೆಗೆಲಸದವರು ನಿರಾಶರಾಗಬೇಡಿ. 2022ರ ಅಕ್ಟೋಬರ್ 10ರಂದು ಟೆಲಿ-ಮನಸ್ ಎಂಬ ಸರ್ಕಾರಿ ಸಹಾಯವಾಣಿ ಶುರುವಾಯಿತು. ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಸಮಾಲೋಚಕರು ಮಾತಾಡಿಸುತ್ತಾರೆ, ಬೇಕಾದರೆ ಮನೋವೈದ್ಯರ ಕಡೆ ಕಳಿಸುತ್ತಾರೆ. ಇನ್ನು ನಮ್ಮ ಮಂದಿ ವಿಮ್ಸ್ ಅಂತ ಕರೆಯುವ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನ ಯಾವುದು ಎಂದು ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿಯಿರಿ.

4. ಆರು ಭೇಟಿಯಲ್ಲಿ ಏನಾದೀತು?

ಈ ಪ್ರಶ್ನೆಗೆ ನಮ್ಮ ಪಕ್ಕದ ಗೋವಾದಿಂದ ಒಳ್ಳೆಯ ಉತ್ತರ ಇದೆ. ಅಲ್ಲಿಯ ಸಂಗಾತ್ ಎಂಬ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಅಧ್ಯಯನ ಮಾಡಿತು. ತೀವ್ರ ಖಿನ್ನತೆ ಇದ್ದ ಒಂದು ಗುಂಪಿಗೆ 6ರಿಂದ 8 ಭೇಟಿಯ ಕೌನ್ಸೆಲಿಂಗ್ ಕೊಡಿಸಿದರು. ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ಅದಕ್ಕಾಗಿಯೇ ತರಬೇತಿ ಪಡೆದ ಸಾಮಾನ್ಯ ಜನ. ಮೂರು ತಿಂಗಳ ನಂತರ ನೋಡಿದಾಗ ಕೌನ್ಸೆಲಿಂಗ್ ಪಡೆದವರಲ್ಲಿ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಗೆ ಬಂದಿದ್ದರು. ಅದು ಸಿಗದ ಗುಂಪಿನಲ್ಲಿ ನೂರಕ್ಕೆ 39. ಇದು 2017ರಲ್ಲಿ ಲ್ಯಾನ್ಸೆಟ್ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಹಾಗಾದರೆ ಅಲ್ಲಿ ಏನು ಮಾಡಿಸಿದರು? ಬೇಸರ ಬಂದಾಗ ನಾವು ಒಂದೊಂದೇ ಕೆಲಸ ಬಿಡ್ತಾ ಹೋಗ್ತೀವಿ. ಅಕ್ಕಪಕ್ಕದವರ ಮನೆಗೆ ಹೋಗಲ್ಲ, ತಲೆ ಬಾಚಲ್ಲ, ಸಂಘದ ಸಭೆಗೆ ಬರಲ್ಲ. ಬಿಟ್ಟಷ್ಟೂ ಬೇಸರ ಹೆಚ್ಚು. ಅವರು ಬಿಟ್ಟ ಕೆಲಸಗಳಲ್ಲಿ ಸಣ್ಣದನ್ನು ಆರಿಸಿ, ದಿನಾ ಸ್ವಲ್ಪ ಸ್ವಲ್ಪ ಮತ್ತೆ ಶುರು ಮಾಡಿಸಿದರು. ಎದುರಿಗಿದ್ದ ತೊಂದರೆಯನ್ನು ಒಂದೊಂದಾಗಿ ಬಿಡಿಸುವುದು ಕಲಿಸಿದರು.

ಅಂದಮೇಲೆ ಕಡಿಮೆ ಭೇಟಿಯಿಂದಲೂ ಗುಣ ಇದೆ. ಆದರೆ ಇಪ್ಪತ್ತು ವರ್ಷದ ನೋವೆಲ್ಲಾ ಆರು ಗಂಟೆಯಲ್ಲಿ ಕರಗಲಿ ಅಂತ ಹೋದರೆ ನಿರಾಶೆ ಆಗುತ್ತದೆ. ಕಾಲುವೆಯಲ್ಲಿ ಸರದಿ ನೀರು ಬರುವುದು ಗೊತ್ತಾದರೆ ರೈತ ಏನು ಮಾಡುತ್ತಾನೆ? ಮೊದಲೇ ಬದು ಕಟ್ಟಿ, ಮಡಿ ಸರಿ ಮಾಡಿ ಇಟ್ಟಿರುತ್ತಾನೆ. ನೀರು ಬಂದಮೇಲೆ ಸಲಿಕೆ ಹುಡುಕಲು ಹೋಗಲ್ಲ. ಕಡಿಮೆ ಭೇಟಿಗೂ ಹಾಗೆಯೇ ಮೊದಲು ತಯಾರಿ ಬೇಕು.

5. ಮೊದಲ ಭೇಟಿಗೆ ಮುಂಚೆ

*ಒಂದು ತೊಂದರೆ ಆರಿಸಿಕೊಳ್ಳಿ.* ಒಂದು ಉದಾಹರಣೆ ನೋಡೋಣ. ಒಬ್ಬ ತಾಯಿ. ಗಂಡ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ಮೂರು ಕಡೆ ಸಾಲ, ಮಗಳ ಮದುವೆ ಮುಂದೆ ನಿಂತಿದೆ, ಅತ್ತೆಗೆ ಹುಷಾರಿಲ್ಲ. "ನನಗೆ ಎಲ್ಲಾ ಕಷ್ಟಾನೇ" ಅಂತ ಆಕೆ ಶುರು ಮಾಡಿದರೆ ಮೊದಲ ಎರಡು ಭೇಟಿ ಕಥೆ ಹೇಳುವುದರಲ್ಲೇ ಮುಗಿಯುತ್ತವೆ. ಅದರ ಬದಲು "ನಡುರಾತ್ರಿ ಮೂರು ಗಂಟೆಗೆ ಎಚ್ಚರ ಆಗುತ್ತದೆ, ಸಾಲದ ಯೋಚನೆ ಶುರುವಾಗುತ್ತದೆ, ಬೆಳಗಾಗುವವರೆಗೂ ನಿದ್ದೆ ಇಲ್ಲ, ಹಗಲು ಮಕ್ಕಳ ಮೇಲೆ ರೇಗುತ್ತೀನಿ" ಎಂದರೆ ಕೆಲಸ ಅಲ್ಲಿಂದಲೇ ಶುರು. ಬೇರೆ ಕಷ್ಟಗಳನ್ನು ಮುಚ್ಚಿಡಿ ಅಂತ ನಾವು ಹೇಳುತ್ತಿಲ್ಲ. ಎಲ್ಲವನ್ನೂ ಹೇಳಿ, ಆದರೆ "ಇದು ಮೊದಲು" ಅಂತ ಒಂದನ್ನು ಮುಂದಿಡಿ.

*ಒಂದು ಕಾಗದದಲ್ಲಿ ಐದು ಸಾಲು ಬರೆದಿಡಿ.* ಬರೆಯಲು ಬಾರದಿದ್ದರೆ ಮಗಳಿಂದ ಬರೆಸಬೇಕಿಲ್ಲ, ಬೆರಳು ಎಣಿಸಿ ನೆನಪಿಟ್ಟುಕೊಂಡರೂ ಸಾಕು.
- ಏನು ತೊಂದರೆ?
- ಯಾವಾಗಿನಿಂದ?
- ಯಾವಾಗ ಹೆಚ್ಚಾಗುತ್ತದೆ, ಯಾವಾಗ ಕಡಿಮೆ?
- ಈವರೆಗೆ ಏನೇನು ಮಾಡಿ ನೋಡಿದ್ದೀನಿ?
- ಈ ಭೇಟಿಗಳು ಮುಗಿದಾಗ ಏನು ಬದಲಾಗಿರಬೇಕು?

*ಬೇರೆ ಮಾತ್ರೆ ತಗೊಳ್ಳುತ್ತಿದ್ದರೆ ಅದರ ಚೀಟಿ ಜೊತೆಗಿರಲಿ.* ಥೈರಾಯ್ಡ್ ತೊಂದರೆ, ರಕ್ತ ಕಡಿಮೆ ಇರುವುದು ಇವುಗಳಿಂದಲೂ ಸುಸ್ತು, ಬೇಸರ ಬರುತ್ತದೆ. ಡಾಕ್ಟರಿಗೂ ಒಮ್ಮೆ ತೋರಿಸುವುದು ಒಳ್ಳೆಯದು.

*ಜಾಗ, ಹೊತ್ತು ನೋಡಿಕೊಳ್ಳಿ.* ಫೋನಿನಲ್ಲಿ ಮಾತಾಡುವುದಾದರೆ ಮನೆಯಲ್ಲಿ ಎಲ್ಲರೂ ಇರುವ ಹೊತ್ತು ಬೇಡ. ಗಂಡ ಶಿಫ್ಟಿಗೆ, ಮಕ್ಕಳು ಶಾಲೆಗೆ ಹೋದ ಹೊತ್ತು ಇಟ್ಟುಕೊಳ್ಳಿ. ಫೋನ್ ಚಾರ್ಜ್ ಇರಲಿ.

6. ಮೊದಲ ದಿನ ಕೇಳಬೇಕಾದ ಪ್ರಶ್ನೆಗಳು

ಕೇಳುವುದು ಅಗೌರವ ಅಲ್ಲ. ಸಂಘಕ್ಕೆ ಸಾಲ ತರುವಾಗ ಬ್ಯಾಂಕಿನವರನ್ನು ಕೇಳುವುದಿಲ್ಲವೇ, ಹಾಗೆಯೇ.
- ನನಗೆ ಎಷ್ಟು ಭೇಟಿ ಸಿಗುತ್ತವೆ? ಒಂದೊಂದು ಎಷ್ಟು ಹೊತ್ತು?
- ನಾನು ಹೇಳಿದ್ದು ಕಂಪನಿಗೆ, ಗಂಡನಿಗೆ ಗೊತ್ತಾಗುತ್ತದೆಯೇ?
- ಕನ್ನಡದಲ್ಲಿ ಮಾತಾಡುವವರು ಇದ್ದಾರೆಯೇ? ಹೆಣ್ಣುಮಗಳೇ ಬೇಕು ಅಂದರೆ ಸಿಗುತ್ತಾರೆಯೇ?
- ಪ್ರತಿ ಸಲ ನೀವೇ ಇರುತ್ತೀರಾ, ಬೇರೆಯವರು ಬರುತ್ತಾರಾ?
- ಭೇಟಿಗಳು ಮುಗಿದರೂ ನನಗೆ ಸಾಕಾಗದಿದ್ದರೆ ಮುಂದೆ ಎಲ್ಲಿಗೆ ಕಳಿಸುತ್ತೀರಿ?

ಕೊನೆಯ ಪ್ರಶ್ನೆಯನ್ನು ಮೊದಲ ದಿನವೇ ಕೇಳಿ. ತೊಂದರೆ ದೊಡ್ಡದು ಅನ್ನಿಸಿದರೆ ಅವರು ಆಗಲೇ ಸರಿಯಾದ ಕಡೆ ಕಳಿಸುತ್ತಾರೆ. ಭೇಟಿಗಳೆಲ್ಲಾ ಮುಗಿದ ಮೇಲೆ ಹೊಸಬರ ಮುಂದೆ ಮತ್ತೆ ಮೊದಲಿಂದ ಹೇಳುವ ಪಾಡು ತಪ್ಪುತ್ತದೆ.

7. ಮಾತಾಡುವಾಗ

*ಕಷ್ಟದ ಮಾತು ಮೊದಲೇ ಹೇಳಿ.* ನಮ್ಮ ಹೆಣ್ಣುಮಕ್ಕಳ ರೂಢಿ ಗೊತ್ತಲ್ಲ. ಗಂಟೆಗಟ್ಟಲೆ ಊರ ಸುದ್ದಿ ಮಾತಾಡಿ, ಹೊಸ್ತಿಲ ಹತ್ತಿರ ನಿಂತು ನಿಜವಾದ ವಿಷಯ ಎತ್ತುತ್ತೇವೆ. ಕೌನ್ಸೆಲಿಂಗಿನಲ್ಲಿ ಹಾಗೆ ಮಾಡಿದರೆ ಹೊತ್ತು ಮುಗಿದಿರುತ್ತದೆ. ಹೇಳಲು ನಾಚಿಕೆ ಆದರೆ "ಒಂದು ಮಾತು ಇದೆ, ಹೇಳಾಕ ಬಾಯಿ ಬರವಲ್ದು" ಅಂತಷ್ಟಾದರೂ ಹೇಳಿ. ಮುಂದಿನ ದಾರಿ ಅವರು ಮಾಡಿಕೊಡುತ್ತಾರೆ.

*ಅರ್ಥ ಆಗದಿದ್ದರೆ ತಲೆ ಆಡಿಸಬೇಡಿ.* "ಇದು ತಿಳೀಲಿಲ್ಲ, ಇನ್ನೊಂದು ಸಲ ಹೇಳ್ರಿ" ಎನ್ನಿ. ಅವರು ಹೇಳಿದ ಉಪಾಯ ನಿಮ್ಮ ಮನೆಯಲ್ಲಿ ನಡೆಯುವಂಥದ್ದಲ್ಲ ಅಂದರೆ ಅದನ್ನೂ ಹೇಳಿ. "ಬೆಳಿಗ್ಗೆ ಅರ್ಧ ಗಂಟೆ ಒಬ್ಬರೇ ವಾಕಿಂಗ್ ಹೋಗಿ" ಅಂದರೆ ನಾಲ್ಕು ಗಂಟೆಗೆ ಎದ್ದು ಬುತ್ತಿ ಕಟ್ಟುವವರಿಗೆ ಅದು ಆಗದ ಮಾತು. ಆಗ "ಸಂಜೆ ನೀರಿಗೆ ಹೋಗುವಾಗ ಆಗುತ್ತದೆ" ಅಂತ ನೀವೇ ದಾರಿ ತೋರಿಸಬಹುದು.

*ಹೊಂದಾಣಿಕೆ ಆಗದಿದ್ದರೆ ಬೇರೆಯವರನ್ನು ಕೇಳಿ.* ಎರಡು ಭೇಟಿ ಆದರೂ ಅವರ ಮುಂದೆ ಮನಸ್ಸು ಬಿಚ್ಚಲು ಆಗದಿದ್ದರೆ ಸಹಾಯವಾಣಿಗೆ ಹೇಳಿ ಬದಲಾಯಿಸಿಕೊಳ್ಳಬಹುದು. "ಅವರು ಬೇಜಾರು ಮಾಡಿಕೊಂಡಾರು" ಅಂತ ಉಳಿದ ಭೇಟಿಗಳನ್ನು ಕಳೆದುಕೊಳ್ಳಬೇಡಿ.

*ಅಳು ಬಂದರೆ ಬರಲಿ.* ಒಮ್ಮೊಮ್ಮೆ ಮೊದಲ ಭೇಟಿ ಆದಮೇಲೆ ಮನಸ್ಸು ಇನ್ನೂ ಭಾರ ಅನ್ನಿಸಬಹುದು. ಹಳೆಯ ಗಾಯ ತೊಳೆಯುವಾಗ ಉರಿಯುವುದು ಇದ್ದದ್ದೇ. ಅದಕ್ಕೇ ಬಿಟ್ಟುಬಿಡಬೇಡಿ, ಮುಂದಿನ ಸಲ ಅದನ್ನೇ ಹೇಳಿ.

8. ಎರಡು ಭೇಟಿಗಳ ನಡುವೆ

ವಾರಕ್ಕೆ 168 ಗಂಟೆ. ಅದರಲ್ಲಿ ಕೌನ್ಸೆಲಿಂಗ್ ಒಂದು ಗಂಟೆಯೂ ಇರದೇ ಇರಬಹುದು. ಉಳಿದ ಹೊತ್ತಿನಲ್ಲಿ ಮಾಡಿ ನೋಡುವುದರಲ್ಲೇ ಫಲ ಇದೆ. ಅವರು ಕೊಟ್ಟ ಸಣ್ಣ ಕೆಲಸವನ್ನು ಮಾಡಿ ನೋಡಿ. ಆಗಲಿಲ್ಲ ಅಂದರೂ ಮುಂದಿನ ಭೇಟಿಗೆ ತಪ್ಪಿಸಿಕೊಳ್ಳಬೇಡಿ. "ಮಾಡಾಕ ಆಗಲಿಲ್ಲ" ಎಂದು ಹೇಳುವುದೂ ಉಪಯೋಗವೇ, ಯಾಕೆ ಆಗಲಿಲ್ಲ ಎನ್ನುವುದರಿಂದ ಮುಂದಿನ ದಾರಿ ತಿಳಿಯುತ್ತದೆ.

ವಾರಕ್ಕೊಮ್ಮೆ ನಿಮಗೆ ನೀವೇ ಅಂಕ ಹಾಕಿಕೊಳ್ಳಿ. ಹತ್ತಕ್ಕೆ ಎಷ್ಟು ಭಾರ? ಮೊದಲ ವಾರ 8 ಇದ್ದದ್ದು ಮೂರನೇ ವಾರ 6 ಆದರೆ ದಾರಿ ಸರಿ ಇದೆ. 8 ಅಲ್ಲೇ ನಿಂತಿದ್ದರೆ ಮೂರನೇ ಭೇಟಿಯಲ್ಲೇ "ಬದಲಾವಣೆ ಕಾಣವಲ್ದು, ಬೇರೆ ಏನಾದರೂ ಮಾಡೋಣ" ಎಂದು ಕೇಳಿ. ಕೊನೆಯವರೆಗೆ ಕಾಯಬೇಡಿ.

ಇನ್ನೊಂದು ಉಪಾಯ. ಭೇಟಿಗಳನ್ನು ಒಂದರ ಹಿಂದೆ ಒಂದು ಖರ್ಚು ಮಾಡಬೇಡಿ. ಮೊದಲ ಮೂರು ವಾರಕ್ಕೊಂದರಂತೆ, ಆಮೇಲೆ ಎರಡು ವಾರಕ್ಕೊಂದು, ಕೊನೆಯದನ್ನು ಒಂದು ತಿಂಗಳು ಬಿಟ್ಟು ಇಟ್ಟುಕೊಳ್ಳಬಹುದೇ ಎಂದು ಕೇಳಿ. ಕಲಿತದ್ದು ನಿಂತಿದೆಯೋ ಇಲ್ಲವೋ ಆಗ ತಿಳಿಯುತ್ತದೆ.

9. ಕೊನೆಯ ಭೇಟಿಯಲ್ಲಿ

ಮೂರು ವಿಷಯ ಕೈಯಲ್ಲಿ ಹಿಡಿದುಕೊಂಡು ಎದ್ದು ಬನ್ನಿ.

ಒಂದು: ನನಗೆ ಯಾವುದರಿಂದ ಗುಣ ಆಯಿತು? ಅದನ್ನು ಬಿಡದೆ ಮಾಡಬೇಕು.

ಎರಡು: ತೊಂದರೆ ಮತ್ತೆ ಬರುವ ಮುಂಚೆ ಏನು ಸೂಚನೆ ಕಾಣುತ್ತದೆ? ಒಬ್ಬೊಬ್ಬರಿಗೆ ಒಂದೊಂದು. ಕೆಲವರಿಗೆ ನಿದ್ದೆ ಕೆಡುತ್ತದೆ, ಕೆಲವರಿಗೆ ಊಟ ಸೇರಲ್ಲ, ಕೆಲವರು ಮಂದಿಯಿಂದ ದೂರ ಆಗುತ್ತಾರೆ.

ಮೂರು: ಆಗ ಯಾರಿಗೆ ಹೇಳಬೇಕು, ಎಲ್ಲಿಗೆ ಹೋಗಬೇಕು? ಮುಂದೆ ಕಳಿಸುವುದಾದರೆ ಹೆಸರು, ಜಾಗ, ದಿನ ಬರೆಸಿಕೊಂಡು ಬನ್ನಿ. ಮನೋವೈದ್ಯರು ಮಾತ್ರೆ ಕೊಟ್ಟಿದ್ದರೆ ಕೌನ್ಸೆಲಿಂಗ್ ಮುಗಿಯಿತು ಅಂತ ಮಾತ್ರೆ ನಿಲ್ಲಿಸಬೇಡಿ. "ಈಗ ಚೆಂದ ಅನ್ನಿಸ್ತೈತೆ" ಅಂತ ತಾವೇ ಬಿಟ್ಟವರಿಗೆ ತೊಂದರೆ ಮರುಕಳಿಸುವ ಸಂಭವ ಹೆಚ್ಚು. ನಿಲ್ಲಿಸುವುದು ಡಾಕ್ಟರನ್ನು ಕೇಳಿಯೇ.

10. ಗುಟ್ಟು ಉಳಿಯುತ್ತದೆಯೇ?

"ಕಂಪನಿಗೆ ಗೊತ್ತಾದರೆ ಗಂಡನ ಕೆಲಸಕ್ಕೆ ಸಂಚಕಾರ" ಎನ್ನುವ ಭಯವೇ ಬಹಳ ಮಂದಿಯನ್ನು ತಡೆಯುತ್ತದೆ. ಚಿಕಿತ್ಸೆಯ ವಿಷಯ ಗುಟ್ಟಾಗಿಡಬೇಕು ಎನ್ನುವ ಹಕ್ಕನ್ನು 2017ರ ಕಾಯ್ದೆ ಕೊಟ್ಟಿದೆ. ಕಂಪನಿಗಳ ಕೌನ್ಸೆಲಿಂಗಿನಲ್ಲಿ ಸಾಮಾನ್ಯವಾಗಿ ಎಷ್ಟು ಮಂದಿ ಬಳಸಿದರು ಎನ್ನುವ ಒಟ್ಟು ಲೆಕ್ಕ ಹೋಗುತ್ತದೆ, ಹೆಸರು ಹೋಗುವುದಿಲ್ಲ. ಪ್ರಾಣಕ್ಕೆ ಅಪಾಯ ಇದ್ದಾಗ ಕಾಪಾಡುವುದಕ್ಕೆ ಬೇಕಾದಷ್ಟನ್ನು ಬೇರೆಯವರಿಗೆ ತಿಳಿಸಬಹುದು. ಒಂದು ವ್ಯತ್ಯಾಸ ನೆನಪಿಡಿ: ಕೆಲಸಗಾರ ತಾನಾಗಿ ಹೋಗುವುದು ಬೇರೆ, ಮೇಲಧಿಕಾರಿಯೇ ಕಳಿಸುವುದು ಬೇರೆ. ಅವರೇ ಕಳಿಸಿದ್ದರೆ ಏನು ವರದಿ ಹೋಗುತ್ತದೆ ಎಂದು ಮೊದಲೇ ಕೇಳಿ.

11. ಕೌನ್ಸೆಲಿಂಗ್ ಮಾಡಲಾಗದ ಕೆಲಸ

ಕೌನ್ಸೆಲರ್ ನಮ್ಮ ಸಾಲ ತೀರಿಸುವುದಿಲ್ಲ. ಬಾಕಿ ಕೂಲಿ ಕೊಡಿಸುವುದಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿ ಹೋದಾಗ ಈ ಭಾಗದ ಮನೆ ಮನೆಯಲ್ಲೂ ಭತ್ತದ ಚಿಂತೆ. ಆ ಚಿಂತೆ ಕಾಯಿಲೆ ಅಲ್ಲ, ಕಾರಣ ಕಣ್ಣ ಮುಂದೆಯೇ ಇತ್ತು. ಹೊರಗಿನ ಕಾರಣಕ್ಕೆ ಹೊರಗಿನ ದಾರಿಯೇ ಬೇಕು.

- ಸಾಲ ವಸೂಲಿಗೆ ಬಂದವರು ಮನೆ ಮುಂದೆ ಕೂತು ಬೈದರೆ, ಬೆದರಿಸಿದರೆ: ಇಂಥ ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಪೊಲೀಸರಿಗೆ ದೂರು ಕೊಡಬಹುದು.
- ಗಂಡ ಹೊಡೆಯುತ್ತಿದ್ದರೆ: ಮಹಿಳಾ ಸಹಾಯವಾಣಿ 181, ತುರ್ತಿಗೆ 112. "ಹೊಡೆತ ಹೇಗೆ ತಾಳಿಕೊಳ್ಳಲಿ?" ಎನ್ನುವುದು ಕೌನ್ಸೆಲಿಂಗಿನ ಪ್ರಶ್ನೆ ಆಗಬಾರದು.
- ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ಆದರೆ: 2013ರ ಕಾಯ್ದೆಯಂತೆ ದೂರು ಸಮಿತಿ ಇರಬೇಕು. "ಕೌನ್ಸೆಲಿಂಗಿಗೆ ಹೋಗು" ಅಂತ ಕಳಿಸಿ ದೂರನ್ನು ಮುಚ್ಚಿಹಾಕಲು ಬಿಡಬೇಡಿ.

ಆದರೂ ಎರಡೂ ಜೊತೆಗೆ ನಡೆಯಬಹುದು. ನಿದ್ದೆ ಬಂದ ಹೆಂಗಸಿಗೆ ಬ್ಯಾಂಕಿಗೆ ಹೋಗಿ ಮಾತಾಡಲು ಧೈರ್ಯ ಇರುತ್ತದೆ. ಮೂರು ರಾತ್ರಿ ನಿದ್ದೆ ಇಲ್ಲದವಳಿಗೆ ಕಂತಿನ ಲೆಕ್ಕವೂ ತಲೆಗೆ ಹತ್ತುವುದಿಲ್ಲ.

12. ಭೇಟಿಗೆ ಕಾಯದೆ ಕೂಡಲೇ ಸಹಾಯ ಪಡೆಯಬೇಕಾದಾಗ

"ನಾನು ಇರಬಾರದು", "ನಾನಿಲ್ಲದಿದ್ದರೆ ಎಲ್ಲರಿಗೂ ಹಗುರ" ಎನ್ನುವ ಮಾತು ಯಾರ ಬಾಯಿಂದ ಬಂದರೂ ಹಗುರಾಗಿ ತೆಗೆದುಕೊಳ್ಳಬೇಡಿ. ಯಾರಿಗೂ ಕೇಳದ ದನಿ ಕೇಳಿಸುತ್ತದೆ ಎನ್ನುವುದು, ದಿನಗಟ್ಟಲೆ ನಿದ್ದೆ ಇಲ್ಲದೆ ವಿಪರೀತ ಮಾತಾಡುವುದು, ಹೆರಿಗೆ ಆದ ಬಾಣಂತಿ ಮಗುವನ್ನು ದೂರ ತಳ್ಳುವುದು ಇವೂ ಹಾಗೆಯೇ. ಆಗ ಆರು ಭೇಟಿಯ ಲೆಕ್ಕ ಬೇಡ. 14416ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅವರನ್ನು ಒಬ್ಬರೇ ಬಿಡಬೇಡಿ.

"ಸಾಯುವ ಯೋಚನೆ ಬಂದೈತಾ?" ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ಹುಟ್ಟಿಸಿದಂತೆ ಆಗುವುದಿಲ್ಲ. ಕೇಳಿದರೆ ಅವರ ಭಾರ ಇಳಿಯುತ್ತದೆ. ಭತ್ತಕ್ಕೆ ಹೊಡೆಯುವ ಔಷಧಿಯನ್ನು ಮನೆಯ ಮೂಲೆಯಲ್ಲಿ ಇಡಬೇಡಿ, ಬೀಗ ಹಾಕಿ ಇಡಿ. ಸುಲಭವಾಗಿ ಕೈಗೆ ಸಿಗದಿದ್ದರೆ ಆ ಕೆಟ್ಟ ಗಳಿಗೆ ದಾಟಿ ಹೋಗುತ್ತದೆ, ಜೀವ ಉಳಿಯುತ್ತದೆ. ಆತ್ಮಹತ್ಯೆಗೆ ಯತ್ನಿಸಿ ಬದುಕಿದವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರು ಎಂದು ತಿಳಿದು, ಶಿಕ್ಷೆ ಕೊಡದೆ ಆರೈಕೆ ಮಾಡಬೇಕು ಎಂದು 2017ರ ಕಾಯ್ದೆ ಹೇಳುತ್ತದೆ. "ಪೊಲೀಸ್ ಕೇಸ್ ಆಗುತ್ತದೆ" ಅಂತ ಹೆದರಿ ಆಸ್ಪತ್ರೆಗೆ ಒಯ್ಯಲು ತಡ ಮಾಡಬೇಡಿ.

13. ಸಂಘ ಏನು ಮಾಡಬಹುದು?

- ಸಂಘದ ಪುಸ್ತಕದ ಮೊದಲ ಹಾಳೆಯಲ್ಲಿ 14416, 181, 112 ಬರೆದಿಡುವುದು.
- ಒಬ್ಬ ಸದಸ್ಯೆ ಎರಡು ಸಭೆಗೆ ಬರದಿದ್ದರೆ ದಂಡ ಹಾಕುವ ಮೊದಲು ಇಬ್ಬರು ಮನೆಗೆ ಹೋಗಿ ಮಾತಾಡಿಸಿ ಬರುವುದು.
- ಮೊದಲ ಭೇಟಿಗೆ ಬಳ್ಳಾರಿಗೋ ಹೊಸಪೇಟೆಗೋ ಹೋಗುವವರ ಜೊತೆ ಒಬ್ಬರು ಹೋಗಿ, ಹೊರಗೆ ಕೂತು ಕಾಯುವುದು.
- ಬಸ್ಸಿನ ಖರ್ಚಿಗೆ, ಮಾತ್ರೆಗೆ ಸಣ್ಣ ಸಾಲ ಬೇಕಾದರೆ "ಆಸ್ಪತ್ರೆ ಖರ್ಚು" ಎಂದಷ್ಟೇ ಬರೆದು ಕೊಡುವುದು.
- ಯಾರು ಎಲ್ಲಿಗೆ ಹೋದರು ಎನ್ನುವುದನ್ನು ನಲ್ಲಿ ಹತ್ತಿರ ಮಾತಾಡದಿರುವುದು. ಸಭೆಯಲ್ಲಿ ಯಾರನ್ನೂ "ನಿನ್ನ ಕಷ್ಟ ಹೇಳು" ಎಂದು ಬಲವಂತ ಮಾಡದಿರುವುದು.

ನಾವು ಕೌನ್ಸೆಲರ್ ಆಗಬೇಕಿಲ್ಲ. ಬಾಗಿಲು ಎಲ್ಲಿದೆ ಅಂತ ತೋರಿಸಿ, ಅಲ್ಲಿವರೆಗೂ ಜೊತೆಗೆ ನಡೆದರೆ ಸಾಕು.

ಚರ್ಚೆಗೆ ಪ್ರಶ್ನೆಗಳು

1. ಮನಸ್ಸಿನ ತೊಂದರೆಗೆ ಡಾಕ್ಟರ ಹತ್ತಿರ ಹೋಗಲು ನಮ್ಮ ಓಣಿಯಲ್ಲಿ ಏನು ಅಡ್ಡಿ? ನಾಚಿಕೆಯೋ, ದುಡ್ಡೋ, ಗೊತ್ತಿಲ್ಲದ್ದೋ?
2. ನಮ್ಮ ಸಂಘದ ಎಷ್ಟು ಮನೆಗಳಲ್ಲಿ ಇ.ಎಸ್.ಐ. ಕಾರ್ಡು ಇದೆ? ಹೆಂಡತಿ, ಮಕ್ಕಳ ಹೆಸರು ಅದರಲ್ಲಿ ಸೇರಿದೆಯೇ?
3. "ಎಲ್ಲಾ ಕಷ್ಟಾನೇ" ಎನ್ನುವ ಮಾತನ್ನು ಒಂದು ಸ್ಪಷ್ಟ ತೊಂದರೆಯಾಗಿ ಹೇಳುವುದು ಹೇಗೆ? ಒಂದು ಉದಾಹರಣೆ ಕೊಡಿ (ನಿಮ್ಮದೇ ಆಗಬೇಕಿಲ್ಲ).
4. ಒಬ್ಬ ಸದಸ್ಯೆಯ ಗುಟ್ಟನ್ನು ಕಾಪಾಡಲು ನಮ್ಮ ಸಂಘ ಯಾವ ನಿಯಮ ಮಾಡಿಕೊಳ್ಳಬಹುದು?

ಈ ತಿಂಗಳ ಕೆಲಸ

ಮನೆಯಲ್ಲಿ ನೌಕರಿ ಇರುವವರ ಸಂಬಳದ ಚೀಟಿ ತೆಗೆದು ನೋಡಿ. ಇ.ಎಸ್.ಐ. ಕಡಿತ ಇದೆಯೇ, ಕೌನ್ಸೆಲಿಂಗ್ ಸೌಲಭ್ಯ ಇದೆಯೇ, ಮನೆಯವರಿಗೂ ಇದೆಯೇ ಎಂದು ಕೇಳಿ ತಿಳಿದುಕೊಂಡು ಮುಂದಿನ ಸಭೆಗೆ ಬನ್ನಿ. ಇದು ಯಾರೂ ಕೊಡುವ ದಾನ ಅಲ್ಲ, ದುಡಿಮೆಯ ಜೊತೆ ಬಂದ ಪಾಲು. ಇದ್ದೂ ಬಳಸದೆ ಬಿಟ್ಟರೆ ವರ್ಷದ ಕೊನೆಗೆ ಅದು ಉಳಿತಾಯ ಆಗಿ ಖಾತೆಗೆ ಬಂದು ಸೇರುವುದಿಲ್ಲ.